ನಮ್ಮ ಸೀಮೆಯ ಅಂಗಳಕ್ಕೆ ತಕ್ಕ ಹೂಗಿಡಗಳು

ಮನೆಯ ಮುಂದೆ ನಾಲ್ಕು ಹೂಗಿಡಗಳಿರಬೇಕೆಂಬ ಆಶೆಯಿಲ್ಲದ ಗೃಹಸ್ಥರು ವಿರಳ. ದೇವರ ಪೂಜೆಗೆ ಒಂದು ಬೊಗಸೆ ಹೂ, ಹೆಣ್ಣುಮಕ್ಕಳ ಮುಡಿಗೆ ಒಂದು ಮೊಳ ಮಾಲೆ, ದಣಿದು ಬಂದವರ ಕಣ್ಣಿಗೆ ಒಂದಿಷ್ಟು ಹಸುರು, ಇಷ್ಟು ದೊರೆತರೆ ಅಂಗಳವು ಸಾರ್ಥಕವಾಯಿತೆಂದೇ ಹೇಳಬೇಕು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ನಮ್ಮ ಸೀಮೆಯಲ್ಲಿ ಈ ಸಣ್ಣ ಆಶೆಯೂ ಅನಾಯಾಸವಾಗಿ ಕೈಗೂಡುವುದಿಲ್ಲ. ಹೊಸಪೇಟೆಯೊಡನೆ ಈ ಐದೂ ಸೇರಿ 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಬದಲಾಯಿತು, ಬಿಸಿಲು ಬದಲಾಗಲಿಲ್ಲ.

ನಮ್ಮ ಸೀಮೆಯ ಋತುಗತಿಯನ್ನು ವಾಚಕರು ಬಲ್ಲರು. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಬೆಳಗಿನ ಜಾವಕ್ಕೆ ಕಂಬಳಿ ಬೇಕು. ಉಷ್ಣಮಾನವು 15 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಹಿಮ ಬೀಳುವ ದೇಶಗಳ ಚಳಿ ಇದಲ್ಲವಾದರೂ, ಒಣಗಾಳಿಯೊಡನೆ ಬರುವ ಈ ಮಾಗಿಯ ಚಳಿಗೆ ಅನೇಕ ಗಿಡಗಳು ಚಿಗುರುವುದನ್ನೇ ನಿಲ್ಲಿಸುತ್ತವೆ. ಮಾಘಮಾಸದಲ್ಲಿ ಕೊಟ್ಟೂರೇಶ್ವರನ ತೇರು ಎಳೆಯುವ ಹೊತ್ತಿಗೆ ಚಳಿಯು ಕಾಲ್ತೆಗೆಯುತ್ತದೆ. ಅಲ್ಲಿಂದ ಮುಂದೆ ಬಿಸಿಲು ದಿನದಿನಕ್ಕೆ ಏರಿ ವೈಶಾಖದಲ್ಲಿ 40 ಡಿಗ್ರಿಯನ್ನು ಮುಟ್ಟುತ್ತದೆ. ವರ್ಷಕ್ಕೆ ಬೀಳುವ ಮಳೆಯಾದರೋ ಸುಮಾರು 600 ಮಿಲಿಮೀಟರು. ಅದರ ದೊಡ್ಡ ಭಾಗವು ಭಾದ್ರಪದ ಆಶ್ವಯುಜಗಳಲ್ಲಿಯೇ ಸುರಿದುಹೋಗುವುದು. ಆ ಬಳಿಕ ಆರೇಳು ತಿಂಗಳ ಕಾಲ ಗಿಡವು ಬದುಕಬೇಕಾದರೆ ಅದು ಮನುಷ್ಯನ ಕೈನೀರಿನಿಂದಲೇ ಬದುಕಬೇಕು.

ಈ ಮಾತುಗಳನ್ನು ಇಂದು ಇಷ್ಟು ನಿಶ್ಚಯವಾಗಿ ಬರೆಯುವ ನಾವು, ಕೆಲವು ವರ್ಷಗಳ ಹಿಂದೆ ಇವನ್ನೆಲ್ಲ ಮರೆತು ನಡೆದವರು. ಕೆಲಸದಿಂದ ನಿವೃತ್ತರಾಗಿ ಹಿರಿಯರ ಮನೆಗೆ ಬಂದು ನೆಲೆಸಿದ ವರ್ಷ ಅಂಗಳವನ್ನು ಉದ್ಯಾನವನ್ನಾಗಿ ಮಾಡುವ ಹುಮ್ಮಸ್ಸು ನಮಗೆ ಹತ್ತಿತು. ಪುಷ್ಯಮಾಸದಲ್ಲಿ ಕಾರ್ಯನಿಮಿತ್ತ ದೂರದ ಪಟ್ಟಣಕ್ಕೆ ಹೋದವರು ಅಲ್ಲಿಯ ಒಂದು ನರ್ಸರಿಯನ್ನು ಹೊಕ್ಕೆವು. ಇಬ್ಬನಿಯಲ್ಲಿ ತೊಯ್ದು ನಳನಳಿಸುತ್ತಿದ್ದ ಗಿಡಗಳನ್ನು ಕಂಡು ಮನಸ್ಸು ಸೋತಿತು. ಹೈಡ್ರೇಂಜಿಯಾ, ಬಿಗೋನಿಯಾ, ಆಂಥೂರಿಯಂ, ಜರೀಗಿಡಗಳು, ಅಂಗೈಯಗಲ ಹೂ ಬಿಡುವ ಕಸಿಗುಲಾಬಿಗಳು, ಹೀಗೆ 19 ಗಿಡಗಳನ್ನು ಬೆಲೆ ಕೇಳಿ ಕೊಂಡೆವು. ಅಂಗಡಿಯವನು ಗಾಡಿಯ ಮೂಲೆ ತುಂಬಲೆಂದು ಎರಡು ಕಣಗಿಲೆ, ಒಂದು ಕಾಗದದ ಹೂವಿನ ಬಳ್ಳಿ, ಒಂದು ನಂದಿಬಟ್ಟಲು, ಒಂದು ದೇವಕಣಗಿಲೆ, ಈ ಐದನ್ನು ಅಗ್ಗಕ್ಕೆ ಕೊಟ್ಟನು. ಒಟ್ಟು 24 ಗಿಡಗಳಾದವು.

ಮಾಘ ಫಾಲ್ಗುಣಗಳವರೆಗೆ ನೋಡಿದವರೆಲ್ಲ ಹೊಗಳಿದರು. ಚೈತ್ರದಲ್ಲಿ ಎಲೆಗಳ ಅಂಚು ಕಂದಿತು. ವೈಶಾಖದಲ್ಲಿ ನಲ್ಲಿಯ ನೀರು ಬರುವ ದಿನಗಳು ವಿರಳವಾಗಿ, ಬೀದಿಯ ಕೊನೆಯ ಕೊಳವೆಬಾವಿಯಿಂದ ನೀರು ತರಬೇಕಾಯಿತು. ಗಿಡವೊಂದಕ್ಕೆ ಹೊತ್ತಿಗೆ ಅರ್ಧ ಕೊಡವೆಂದರೂ, ಎರಡು ಹೊತ್ತು ಸೇರಿ 24 ಗಿಡಗಳಿಗೆ ದಿನಕ್ಕೆ 24 ಕೊಡ ನೀರು! ಇಷ್ಟು ಸಣ್ಣ ಲೆಕ್ಕವು ಗಿಡ ಕೊಳ್ಳುವ ದಿನ ನಮಗೆ ಹೊಳೆಯಲಿಲ್ಲ. ಹೊತ್ತವರೂ ನಾವಲ್ಲ, ನಮ್ಮ ಮನೆಯವರು. ಒಂದು ಸಂಜೆ ಅವರು ಖಾಲಿ ಕೊಡವನ್ನು ಕಟ್ಟೆಯ ಮೇಲಿಟ್ಟು ಕುಳಿತುಕೊಂಡು, “ಇವು ನೀರು ಕುಡಿಯಾಕ ಹತ್ತಿಲ್ರೀ, ನನ್ನ ನಡಾ ಕುಡಿಯಾಕ ಹತ್ಯಾವ” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಆದುದರಿಂದಲೇ ಆ ಮಾತು ನಮ್ಮನ್ನು ನಾಟಿತು.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೆಂಬ ಒಂದು ಅಧ್ಯಾಯವಿದೆ. ನೆಟ್ಟ ಗಿಡಗಳಿಗೆ ಬೇಸಗೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತೂ, ಚಳಿಗಾಲದಲ್ಲಿ ದಿನ ಬಿಟ್ಟು ದಿನವೂ, ಮಳೆಗಾಲದಲ್ಲಿ ನೆಲವು ಒಣಗಿದಾಗಲೂ ನೀರುಣಿಸಬೇಕೆಂದು ಅಲ್ಲಿ ವಿಧಿಸಿದೆ. ಆ ಶ್ಲೋಕವನ್ನು ನಾವು ಎಷ್ಟೋ ಸಲ ಓದಿದ್ದೆವು, ಹುಡುಗರಿಗೆ ಹೇಳಿಯೂ ಇದ್ದೆವು. ಬೇಸಗೆಯಲ್ಲಿ ಎರಡು ಹೊತ್ತು ನೀರು ಎಂಬಲ್ಲಿ ಆ ಕೊಡವನ್ನು ಹೊರುವವರು ಯಾರೆಂಬ ಪ್ರಶ್ನೆ ಮಾತ್ರ ನಮಗೆ ಒಮ್ಮೆಯೂ ಹುಟ್ಟಿರಲಿಲ್ಲ.

ಮೃಗಶಿರಾ ಮಳೆಯು ಬರುವ ವೇಳೆಗೆ ಉಳಿದವು ಐದೇ ಗಿಡಗಳು. ಅಂಗಡಿಯವನು ಅಗ್ಗಕ್ಕೆ ಕೊಟ್ಟ ಆ ಐದೇ. ಇವಲ್ಲದೆ ಬಚ್ಚಲ ನೀರು ಹರಿಯುವ ಹಿತ್ತಿಲ ಮೂಲೆಯಲ್ಲಿ ನಮ್ಮ ತಾಯಿಯವರು ನೆಟ್ಟಿದ್ದ ಮಲ್ಲಿಗೆಯ ಪೊದೆ. ಅದಕ್ಕೆ ಯಾರೂ ಒಂದು ತಂಬಿಗೆ ನೀರು ಹಾಕಿರಲಿಲ್ಲ. ಆದರೂ ಆ ವೈಶಾಖವೆಲ್ಲ ಅದು ಮೊಗ್ಗು ಕೊಟ್ಟಿತು. ಅಂದು ನಾವು ಕಲಿತುದು ಇಷ್ಟು: ನಮ್ಮ ಸೀಮೆಯವರು ಗಿಡವನ್ನು ಪುಷ್ಯದ ಕಣ್ಣಿನಿಂದ ಆರಿಸಬಾರದು, ವೈಶಾಖದ ಕೊಡದಿಂದ ಆರಿಸಬೇಕು.

ಇದರಲ್ಲಿ ಮಾರುವವರ ತಪ್ಪನ್ನು ಹುಡುಕುವುದು ನ್ಯಾಯವಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ನಮ್ಮ ತಾಲ್ಲೂಕು ಕೇಂದ್ರಗಳು ಹೆಚ್ಚುಕಡಿಮೆ 500ರಿಂದ 650 ಮೀಟರಿನ ನಡುವೆ ಇವೆ. ಅಲ್ಲಿಯ ತಂಪಿನಲ್ಲಿ, ನೆರಳುಬಲೆಯ ಕೆಳಗೆ, ದಿನವೂ ನೀರು ಕುಡಿದು ಬೆಳೆದ ಸಸಿಯು ನಮ್ಮ ಬಯಲಿಗೆ ಬಂದರೆ ಅದರ ಗತಿ ಏನಾಗಬೇಕು? ಹೈಡ್ರೇಂಜಿಯಾ ಎಂಬ ಹೆಸರು ಗ್ರೀಕ್ ಭಾಷೆಯದು. ಅದರ ಅರ್ಥವು ನೀರಿನ ಪಾತ್ರೆಯೆಂದು. ಹೆಸರಿನ ಅರ್ಥವನ್ನು ಕೊಳ್ಳುವ ಮುನ್ನವೇ ವಿಚಾರಿಸಿದ್ದರೆ ನಮಗೆ ಹಣವೂ ಉಳಿಯುತ್ತಿತ್ತು, ಮನೆಯವರಿಗೆ ಶ್ರಮವೂ ಉಳಿಯುತ್ತಿತ್ತು.

ಹಾಗಾದರೆ ಬಿಸಿಲನ್ನು ತಾಳುವ ಗಿಡವನ್ನು ಗುರುತಿಸುವುದು ಹೇಗೆ? ಗಿಡದ ಮೈಯನ್ನು ನೋಡಿದರೆ ಬಹುಮಟ್ಟಿಗೆ ತಿಳಿಯುತ್ತದೆ. ಕಣಗಿಲೆಯ ಎಲೆಯು ಕಿರಿದು, ದಪ್ಪ, ಚರ್ಮದಂತೆ ಬಿರುಸು. ಅದು ಉಸಿರಾಡುವ ರಂಧ್ರಗಳು ಎಲೆಯ ಕೆಳಮೈಯಲ್ಲಿ ರೋಮ ತುಂಬಿದ ಸಣ್ಣ ಕುಳಿಗಳೊಳಗೆ ಅಡಗಿರುವುದರಿಂದ ಬಿಸಿಗಾಳಿಯು ನೀರನ್ನು ಸುಲಭವಾಗಿ ಹೀರಲಾರದು. ದೇವಕಣಗಿಲೆಯು ಚಳಿಗಾಲದಲ್ಲಿ ಎಲೆಗಳನ್ನೆಲ್ಲ ಉದುರಿಸಿ, ತಿರುಳುಳ್ಳ ಕೊಂಬೆಗಳಲ್ಲಿ ರಸವನ್ನು ಕೂಡಿಟ್ಟುಕೊಂಡು ಬೇಸಗೆಯಲ್ಲಿ ಹೂ ಬಿಡುತ್ತದೆ. ಸಂಜೆಮಲ್ಲಿಗೆಯು ಮೇಲೆ ಒಣಗಿದರೂ ನೆಲದೊಳಗಿನ ಗಡ್ಡೆಯಲ್ಲಿ ಜೀವ ಹಿಡಿದಿದ್ದು ಮಳೆ ಬಿದ್ದೊಡನೆ ಚಿಗುರುತ್ತದೆ. ಕಾಗದದ ಹೂವಿಗಂತೂ ನೀರು ಹೆಚ್ಚಾದರೆ ಎಲೆಯೇ ಹೆಚ್ಚು. ನೆಲವು ಒಣಗಿದಂತೆ ಬಣ್ಣವು ತುಂಬುವುದು. ಎಲೆಯು ಅಗಲವಾಗಿ, ತೆಳ್ಳಗೆ, ಮೃದುವಾಗಿ, ಮುಟ್ಟಿದರೆ ತಣ್ಣಗಿದ್ದರೆ ಅಂತಹ ಗಿಡವು ನಮ್ಮ ಬಯಲಿಗೆ ತಕ್ಕುದಲ್ಲವೆಂದು ತಿಳಿಯಬೇಕು. ಅದನ್ನು ತಂದರೂ ಜಗಲಿಯ ನೆರಳಿನಲ್ಲಿ ಒಂದೋ ಎರಡೋ ಕುಂಡಗಳಿಗೆ ಮಿತಿಗೊಳಿಸತಕ್ಕದ್ದು.

ಇನ್ನು ಋತುಕ್ರಮದಿಂದ ಗಿಡಗಳನ್ನು ಹೇಳುವೆವು. ವರ್ಷದ ಹನ್ನೆರಡು ತಿಂಗಳೂ ಯಾವುದಾದರೊಂದು ಹೂ ಅಂಗಳದಲ್ಲಿರುವಂತೆ ಆರಿಸಿಕೊಳ್ಳುವುದೇ ಜಾಣತನ.

ಬೇಸಗೆಯ ರಾಣಿಯು ಮಲ್ಲಿಗೆ. ಹಡಗಲಿಗೆ ಹೂವಿನ ಹಡಗಲಿಯೆಂಬ ಹೆಸರಿರುವುದನ್ನೂ, ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮಾರ್ಗವಾಗಿ ಹಂಪೆಗೆ ಹೂ ಹೋಗುತ್ತಿತ್ತೆಂಬ ಪ್ರತೀತಿಯನ್ನೂ ವಾಚಕರು ಕೇಳಿಯೇ ಇದ್ದಾರೆ. ಮೈಸೂರು ಮತ್ತು ಉಡುಪಿಯ ಮಲ್ಲಿಗೆಗಳಂತೆ ಹಡಗಲಿಯ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಹೊರಗಿನ ಸಸಿಗಳಿಗೆ ಹಣ ಸುರಿಯುವ ಮೊದಲು ನಮ್ಮದೇ ಸೀಮೆಯ ಈ ಮಲ್ಲಿಗೆಯ ಬಳ್ಳಿಯೊಂದನ್ನು ತಂದು ನೆಡುವುದು ಲೇಸು. ಚಳಿಗಾಲದಲ್ಲಿ ಮಲ್ಲಿಗೆಯು ನಿದ್ರಿಸುತ್ತದೆ. ಆಗ ನೀರನ್ನು ಕಡಿಮೆ ಮಾಡಿ ಮಾರ್ಗಶಿರ ಪುಷ್ಯಗಳಲ್ಲಿ ಕೊಂಬೆಗಳನ್ನು ಸವರಿ, ಬುಡಕ್ಕೆ ತಿಪ್ಪೆಗೊಬ್ಬರ ಹಾಕಿ ಮತ್ತೆ ನೀರು ಕೊಟ್ಟರೆ, ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಬರುವುದು. ಇದರೊಡನೆ ಕಾಗದದ ಹೂ, ದೇವಕಣಗಿಲೆ, ಕಣಗಿಲೆಗಳು ಬೇಸಗೆಯಲ್ಲಿ ಬಣ್ಣ ಕೊಡುವುವು. ಸ್ಥಳ ಹೆಚ್ಚಿದ್ದವರು ಹೊರಗಿನ ಬೇಲಿಯಲ್ಲಿ ಒಂದು ಕಕ್ಕೆಯ ಮರವನ್ನು ನೆಡಬಹುದು. ಇದನ್ನು ಸಂಸ್ಕೃತದಲ್ಲಿ ಆರಗ್ವಧವೆಂತಲೂ ರಾಜವೃಕ್ಷವೆಂತಲೂ ಕರೆಯುತ್ತಾರೆ. ಎಲ್ಲವೂ ಬಾಡುವ ಕಾಲದಲ್ಲಿ ಹೊನ್ನಿನ ಗೊಂಚಲುಗಳನ್ನು ಇಳಿಬಿಡುವ ಇದಕ್ಕೆ ಆ ಹೆಸರು ಸಲ್ಲತಕ್ಕದ್ದೇ.

ಮಳೆಗಾಲಕ್ಕೆ ಪಾರಿಜಾತ, ಚೆಂಡುಹೂ, ಸಂಜೆಮಲ್ಲಿಗೆ. ಪಾರಿಜಾತವು ರಾತ್ರಿಯಲ್ಲಿ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕುದುರುವುದರಿಂದ ಬುಡದಲ್ಲಿ ಅಂಗಳವನ್ನು ಸಾರಿಸಿಟ್ಟಿರಬೇಕು. ಚೆಂಡುಹೂವನ್ನು ನಾವೆಲ್ಲ ನಮ್ಮದೇ ಎಂದು ತಿಳಿದಿದ್ದೇವೆ. ದಸರೆಯ ಆಯುಧಪೂಜೆಯೂ ದೀಪಾವಳಿಯೂ ಅದಿಲ್ಲದೆ ನಡೆಯವು. ಆದರೆ ಅದರ ತವರು ಅಮೆರಿಕಾ ಖಂಡದ ಮೆಕ್ಸಿಕೋ ದೇಶ. ಬಂದ ಅತಿಥಿಯು ಮನೆಯವರೊಡನೆ ಹೊಂದಿಕೊಂಡರೆ ಮನೆಯವನೇ ಆಗುವನೆಂಬುದಕ್ಕೆ ಇದು ದೃಷ್ಟಾಂತ.

ಚಳಿಗಾಲಕ್ಕೆ ಸೇವಂತಿಗೆ, ಗೋರಂಟೆ, ಕಾಕಡ, ಗುಲಾಬಿ. ಸೇವಂತಿಗೆಯು ಹಗಲು ಕಿರಿದಾಗಿ ರಾತ್ರಿಯು ನೀಳವಾದಾಗಲೇ ಮೊಗ್ಗಿಡುವ ಜಾತಿಯದು; ರಾತ್ರಿಯಿಡೀ ಬೀದಿದೀಪವು ಬೀಳುವ ಸ್ಥಳದಲ್ಲಿ ನೆಟ್ಟು, ಹೂವಿಲ್ಲವೆಂದು ಕೊರಗಬಾರದು. ಗೋರಂಟೆಯೆಂದರೆ ಸಂಸ್ಕೃತದ ಕುರಂಟಕ. ಮದರಂಗಿಗೂ ಕೆಲವರು ಗೋರಂಟಿ ಎನ್ನುವುದುಂಟು, ಇದು ಅದಲ್ಲ. ಬಿಳಿ, ಹಳದಿ, ನೇರಳೆ ಬಣ್ಣಗಳಲ್ಲಿ ಬರುವ ಈ ಗಿಡವು ಕೇಳುವ ನೀರು ಬಹಳ ಸ್ವಲ್ಪ. ಕಾಕಡವು ಕುಂದದ ಜಾತಿ. ಅಮರಕೋಶವು ಕುಂದಕ್ಕೆ ಮಾಘ್ಯವೆಂಬ ಹೆಸರನ್ನು ಕೊಟ್ಟಿರುವುದು ಅದು ಮಾಘದ ಚಳಿಯಲ್ಲಿ ಅರಳುವುದರಿಂದಲೇ. ಮಲ್ಲಿಗೆಯು ಮಲಗಿರುವ ತಿಂಗಳುಗಳಲ್ಲಿ ಮುಡಿಗೆ ಹೂ ಕೊಡುವುದು ಇದೇ. ಗುಲಾಬಿ ಬೇಕೇ ಬೇಕೆಂಬವರು ನಾಟಿ ಗುಲಾಬಿಯನ್ನು ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಗೋಡೆಯ ನೆರಳಾಗುವಲ್ಲಿ ನೆಟ್ಟು, ಮಳೆ ಮುಗಿದೊಡನೆ ಸವರಿದರೆ ಚಳಿಗಾಲದಲ್ಲಿ ಹೂ ಕಾಣಬಹುದು. ಬೇಸಗೆಯಲ್ಲಿಯೂ ಅದರಿಂದ ದೊಡ್ಡ ಹೂವನ್ನು ಬಯಸುವುದು ದುರಾಶೆ.

ಎಲ್ಲ ಕಾಲಕ್ಕೂ ಒದಗುವವು ನಂದಿಬಟ್ಟಲು, ನಿತ್ಯಪುಷ್ಪ, ಮತ್ತು ನಮ್ಮಲ್ಲಿ ಅಬ್ಬಲಿಗೆಯೆಂದು ಕರೆಯುವ ಕನಕಾಂಬರ. ಅಬ್ಬಲಿಗೆಗೆ ತುಸು ನೆರಳಿರಲಿ. ನಿತ್ಯಪುಷ್ಪವು ಮಡಗಾಸ್ಕರ್ ದ್ವೀಪದಿಂದ ಬಂದುದು. ಗೋಡೆಯ ಬಿರುಕಿನಲ್ಲಿಯೂ ಬೆಳೆಯುವ ಈ ಬಡಗಿಡದಿಂದಲೇ ರಕ್ತದ ಅರ್ಬುದರೋಗಕ್ಕೆ ಔಷಧಗಳನ್ನು ತೆಗೆಯುತ್ತಾರೆ. ಆದರೆ ಅದನ್ನು ವೈದ್ಯರು ಶೋಧಿಸಿ ಕೊಡಬೇಕಲ್ಲದೆ ಮನೆಯಲ್ಲಿ ಅರೆದು ಕುಡಿಯತಕ್ಕದ್ದಲ್ಲ; ಅದು ಅಪಾಯಕರ.

ಅಪಾಯದ ಮಾತು ಬಂದುದರಿಂದ ಒಂದು ಮುಖ್ಯವಾದ ಎಚ್ಚರಿಕೆಯನ್ನು ಹೇಳಲೇಬೇಕು. ಬಿಸಿಲು ತಾಳಿದ ಮಾತ್ರಕ್ಕೆ ಗಿಡವು ಮನೆಗೆ ತಕ್ಕುದೆಂದು ತಿಳಿಯಬಾರದು. ಕಣಗಿಲೆಯ ಬೇರು, ತೊಗಟೆ, ಎಲೆ, ಹೂ ಎಲ್ಲವೂ ವಿಷ. ಅಮರಕೋಶವು ಕರವೀರಕ್ಕೆ ಹೇಳಿರುವ ಹೆಸರುಗಳಲ್ಲಿ ಹಯಮಾರಕ, ಅಂದರೆ ಕುದುರೆಯನ್ನು ಕೊಲ್ಲುವುದು, ಎಂಬುದೂ ಒಂದು. ಕುದುರೆಗೆ ಆಗದ್ದು ಕರುವಿಗೂ ಕೂಸಿಗೂ ಆಗುವುದೇ? ಹಳದಿ ಹೂವಿನ ಕಣಗಿಲೆಯ ಬೀಜವೂ ಅಷ್ಟೇ ಘೋರವಾದುದು. ಮಕ್ಕಳು ಅದನ್ನು ಆಟದ ಕಾಯಿಯೆಂದು ಆರಿಸಿಕೊಳ್ಳುವುದನ್ನು ನಾವೇ ಕಂಡಿದ್ದೇವೆ. ಮೊಮ್ಮಕ್ಕಳು ಬಂದಾಗಿನಿಂದ ನಮ್ಮ ಎರಡು ಕಣಗಿಲೆಗಳನ್ನು ಅಂಗಳದಿಂದ ಕಿತ್ತು ರಸ್ತೆಯ ಅಂಚಿನ ತಂತಿಬೇಲಿಯ ಒಳಗೆ ನೆಟ್ಟೆವು. ಸವರಿದ ಕಡ್ಡಿಗಳನ್ನು ದನದ ಮೇವಿನ ಬಳಿ ಎಸೆಯಬಾರದು. ಒಲೆಗೂ ಹಾಕಬಾರದು, ಅದರ ಹೊಗೆಯೂ ಕೆಟ್ಟದ್ದು.

ಇನ್ನೊಂದು ಬಗೆಯ ಅಪಾಯವುಂಟು. ಬಳ್ಳಾರಿ ಜಾಲಿಯೆಂಬ ಗಿಡವು ನಮ್ಮ ಹಳೆಯ ಜಿಲ್ಲೆಯ ಹೆಸರನ್ನೇ ಹೊತ್ತಿದೆ. ಅದು ಅಮೆರಿಕಾದ ಗಿಡ. ಬರದಲ್ಲಿಯೂ ಬೆಳೆದು ಸೌದೆ ಕೊಡುವುದೆಂದು 19ನೆಯ ಶತಮಾನದಲ್ಲಿ ಇದನ್ನು ನಮ್ಮ ದೇಶಕ್ಕೆ ತಂದರು. ಇಂದು ಕೆರೆಯಂಗಳವೆಲ್ಲ ಅದರದೇ. ಅಂದದ ಹೂವಿಗೆಂದು ತೋಟಗಳಿಗೆ ತಂದ ಲಂಟಾನವು ಗುಡ್ಡಗಳನ್ನು ನುಂಗಿದೆ. ಯಾರೂ ನೀರು ಹಾಕದೆ, ಬೇಲಿಯನ್ನು ದಾಟಿ, ತಾನಾಗಿ ಹಬ್ಬುವ ಹೊಸ ಗಿಡವನ್ನು ಕಂಡರೆ ಸಂತೋಷಪಡುವ ಮೊದಲು ಸಂಶಯಪಡುವುದು ಮೇಲು. ಬದುಕಬಲ್ಲುದು, ಆದರೆ ಮಿತಿಯಲ್ಲಿರಬಲ್ಲುದು. ಅಂತಹುದೇ ಅಂಗಳದ ಗಿಡ.

ನೆಡುವ ಕ್ರಮವನ್ನೂ ಎರಡು ಮಾತಿನಲ್ಲಿ ಹೇಳುವೆವು. ಸಸಿಯನ್ನು ಚಳಿಗಾಲದಲ್ಲಿ ಕೊಳ್ಳುವ ಚಪಲವನ್ನು ಬಿಟ್ಟು ಶ್ರಾವಣ ಭಾದ್ರಪದಗಳಲ್ಲಿ ನೆಡತಕ್ಕದ್ದು. ಆಗ ಮಳೆಯ ನೀರೂ, ಬಳಿಕ ಚಳಿಗಾಲದ ತಂಪೂ ದೊರೆತು, ಚೈತ್ರವು ಬರುವಷ್ಟರಲ್ಲಿ ಬೇರು ಆಳಕ್ಕೆ ಇಳಿದಿರುತ್ತದೆ. ಕೂಡ್ಲಿಗಿಯ ಕಡೆಯ ಮಸಾರಿ ನೆಲದಲ್ಲಿ ನೀರು ಬೇಗ ಇಂಗಿಹೋಗುವುದರಿಂದ ಗುಂಡಿಗೆ ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಬೆರೆಸಬೇಕು. ಎರೆ ನೆಲವುಳ್ಳವರು ಮರಳನ್ನೂ ಬೆರೆಸಿ, ನೀರು ನಿಲ್ಲದಂತೆ ಪಾತಿಯನ್ನು ತುಸು ಎತ್ತರಿಸಬೇಕು. ಎರೆಯಲ್ಲಿ ನೀರು ನಿಂತರೆ ಮಲ್ಲಿಗೆಯ ಬೇರು ಕೊಳೆಯುವುದು. ದೇವಕಣಗಿಲೆಯ ಕೊಂಬೆಯನ್ನು ಕಡಿದೊಡನೆ ಹೂಳದೆ, ಹಾಲು ಆರುವಂತೆ ಒಂದು ವಾರ ನೆರಳಿನಲ್ಲಿಟ್ಟು ನೆಡಬೇಕು.

ನೀರನ್ನು ಉಳಿಸುವ ಉಪಾಯವು ನಮ್ಮ ಮನೆಗಳಲ್ಲಿಯೇ ಇದೆ. ಶೇಂಗಾ ಬೆಳೆಯುವ ಸೀಮೆ ನಮ್ಮದು; ಅದರ ಸಿಪ್ಪೆಯನ್ನು ಪಾತಿಯಲ್ಲಿ ನಾಲ್ಕು ಬೆರಳು ದಪ್ಪ ಹರವಿದರೆ ನೆಲವು ಕಾಯುವುದಿಲ್ಲ, ಹಾಕಿದ ನೀರು ಆರುವುದಿಲ್ಲ. ಬುಡಕ್ಕೆ ತಗಲದಂತೆ ಹರವಿ, ಗೆದ್ದಲು ಹತ್ತಿತೇ ಎಂದು ಆಗಾಗ್ಗೆ ನೋಡುತ್ತಿರಬೇಕು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಸ್ನಾನದ ನೀರು ಇವೆಲ್ಲ ಗಿಡಕ್ಕೆ ಸಲ್ಲುವುವು. ಬಟ್ಟೆ ಒಗೆದ ಸೋಡದ ನೀರನ್ನು ಮಾತ್ರ ದಿನವೂ ಹಾಕಿದರೆ ನೆಲವು ಸವುಳಾಗುತ್ತದೆ. ಕೊಳವೆಬಾವಿಯ ನೀರೇ ಉಪ್ಪಾಗಿರುವ ಊರುಗಳವರು ಕಾಗದದ ಹೂ, ಕಣಗಿಲೆಗಳನ್ನು ನಂಬಬಹುದು, ಗುಲಾಬಿಯನ್ನು ನಂಬಬಾರದು. ಬೇರೂರಿದ ಗಿಡಕ್ಕೆ ದಿನವೂ ಒಂದು ಚೊಂಬು ನೀರು ಹಾಕುವುದಕ್ಕಿಂತ ಮೂರು ದಿನಕ್ಕೊಮ್ಮೆ ಅರ್ಧ ಕೊಡ ಹಾಕುವುದು ಉತ್ತಮ. ಮೇಲುನೀರಿಗೆ ಒಗ್ಗಿದ ಬೇರು ಆಳಕ್ಕಿಳಿಯದೆ ಬಿಸಿಲಿಗೆ ಸಿಕ್ಕಿಬೀಳುವುದು. ವರಾಹಮಿಹಿರನು ಎರಡು ಹೊತ್ತಿನ ನೀರನ್ನು ಹೇಳಿದುದು ಹೊಸದಾಗಿ ನೆಟ್ಟ ಗಿಡಗಳಿಗೆಂಬುದನ್ನೂ ಇಲ್ಲಿ ನೆನೆಯಬೇಕು.

ಕ್ರಿ.ಶ. 1025ರ ಸುಮಾರಿನಲ್ಲಿ, ಚಾಳುಕ್ಯರ ಕಾಲದಲ್ಲಿ, ಎರಡನೆಯ ಚಾವುಂಡರಾಯನು ಜನಸಾಮಾನ್ಯರಿಗೆಂದು ಕನ್ನಡದಲ್ಲಿ ಬರೆದ ಲೋಕೋಪಕಾರವೆಂಬ ಗ್ರಂಥದಲ್ಲಿ ವೃಕ್ಷಾಯುರ್ವೇದವೂ ಸೇರಿದೆ. ಗಿಡ ಬೆಳೆಸುವ ವಿದ್ಯೆಯನ್ನು ಅಡಿಗೆ, ವೈದ್ಯ, ನೀರು ಹುಡುಕುವ ವಿದ್ಯೆಗಳ ಪಕ್ಕದಲ್ಲಿಯೇ ಅವನು ಇಟ್ಟಿದ್ದಾನೆ. ಗಿಡದ ವಿಚಾರವು ಮನೆಯ ವಿಚಾರವೇ. ನೀರಿನ ವಿಚಾರವೂ ಅದರಿಂದ ಬೇರೆಯಲ್ಲ ಎಂಬುದನ್ನು ನಮ್ಮ ಹಿರಿಯರು ಅರಿತಿದ್ದರು.

ಈಗ ನಮ್ಮ ಅಂಗಳದಲ್ಲಿಯೂ ಹಿತ್ತಿಲಲ್ಲಿಯೂ ಸೇರಿ 14 ಗಿಡಗಳಿವೆ. ಯಾವುದೂ ದೂರದಿಂದ ನೋಡಬರುವಂತಹ ಅಪೂರ್ವ ವಸ್ತುವಲ್ಲ. ಬಚ್ಚಲ ನೀರನ್ನು ಒಂದು ಕಾಲುವೆ ತೋಡಿ ಐದಾರು ಗಿಡಗಳಿಗೆ ಹಂಚಿದ್ದೇವೆ. ಉಳಿದವಕ್ಕೆ ಬೇಸಗೆಯಲ್ಲಿ ದಿನಕ್ಕೆ ಎರಡು ಕೊಡ ನೀರು ಸಾಕಾಗುತ್ತದೆ. ಆ ಎರಡು ಕೊಡಗಳನ್ನು ಹೊರುವವರು ನಾವು. ಸಂಜೆ ಮಲ್ಲಿಗೆಯ ಮೊಗ್ಗು ಬಿಡಿಸುವ ಕೆಲಸವನ್ನು ಮಾತ್ರ ಮನೆಯವರು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ.

ಹೊಸದಾಗಿ ಗಿಡ ನೆಡಬೇಕೆಂದಿರುವ ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ವೈಶಾಖದಲ್ಲಿ ಒಂದು ದಿನ ನಿಮ್ಮ ಮನೆಗೆ ಬರುವ ಕೊಡಗಳನ್ನು ಎಣಿಸಿರಿ. ಕುಡಿಯಲು, ಅಡಿಗೆಗೆ, ಸ್ನಾನಕ್ಕೆ, ದನಕ್ಕೆ ಸಂದು ಎಷ್ಟು ಉಳಿಯುವುದೋ ನೋಡಿರಿ. ಆ ಉಳಿದ ನೀರಿಗೆ ಎಷ್ಟು ಗಿಡಗಳೋ ಅಷ್ಟನ್ನೇ ಶ್ರಾವಣದಲ್ಲಿ ತಂದು ನೆಡಿರಿ. ಅವು ನಾಲ್ಕೇ ಆದರೂ ಚಿಂತೆಯಿಲ್ಲ. ಒಣಗಿದ ಇಪ್ಪತ್ತಕ್ಕಿಂತ ಅರಳಿದ ನಾಲ್ಕು ಮನೆಗೆ ಶೋಭೆ.